ಸುಡದೆ ಬರೆಯುವ ಲೇಸರ್: ಪಾಲಿಮರ್ ಪದರದ ಮೇಲೆ ಗೆರೆ ಮೂಡಿಸುವುದು ಹೇಗೆ?

ಲೇಸರ್ ಎಂದರೆ ಕೊರೆಯುವುದು, ಸುಡುವುದು ಎಂದೇ ನಮ್ಮ ಹುಡುಗರ ತಲೆಯಲ್ಲಿ ಕೂತಿದೆ. ನಾಮಫಲಕ ಕೊರೆಯುವ ಯಂತ್ರಗಳನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ತಲೆಕೂದಲಿಗಿಂತ ನೂರಾರು ಪಟ್ಟು ತೆಳುವಾದ ಪಾಲಿಮರ್ ಪದರವನ್ನು ಲೇಸರ್ ಕಾವಿನಿಂದ ಬರೀ ಮೆತ್ತಗಾಗಿಸಿ, ಪಕ್ಕಕ್ಕೆ ಸರಿಸಿ, ಗೆರೆ ಎಳೆಯಬಹುದು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ, ಓದುವವರಿಗಾಗಲಿ, ದುರ್ಗದ ಕಾಲೇಜುಗಳವರಿಗಾಗಲಿ, ಎಂ.ಎಸ್ಸಿ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಕೆಲಸ ಇದು.

ಇದರ ಹಿಂದಿನ ಭೌತಶಾಸ್ತ್ರವನ್ನು ದಾವಣಗೆರೆಯ ಯಾವ ದೋಸೆ ಹಂಚಿನ ಮೇಲಾದರೂ ನೋಡಬಹುದು. ಎಣ್ಣೆ ಸವರಿದ ಹಂಚು ನಡುವೆ ಹೆಚ್ಚು ಕಾದರೆ ಎಣ್ಣೆ ಅಂಚಿಗೆ ಸರಿದು ನಡುಭಾಗ ಒಣಗುತ್ತದೆ. ಬಿಸಿ ಹೆಚ್ಚಿದಂತೆ ದ್ರವದ ಮೇಲ್ಮೈ ಎಳೆತ ಕುಗ್ಗುತ್ತದೆ. ಎಳೆತ ಹೆಚ್ಚಿರುವ ತಣ್ಣನೆಯ ಭಾಗ ದ್ರವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ನಾವು ಬಳಸುವ ಪಾಲಿಮರ್ ಪಾಲಿಸ್ಟೈರೀನ್. ಅದರ ಪದರದಲ್ಲಿ ಆಗುವುದೂ ಅದೇ: ಲೇಸರ್ ಚುಕ್ಕೆ ಬಿದ್ದಲ್ಲಿ ಹಳ್ಳ, ಎರಡೂ ಬದಿ ಏರಿ.

ಮೊದಲು ದ್ರಾವಣ. ಥರ್ಮಾಕೋಲ್ ಅಂದರೆ ಗಾಳಿ ತುಂಬಿ ಉಬ್ಬಿಸಿದ ಪಾಲಿಸ್ಟೈರೀನೇ. ಸ್ವಚ್ಛವಾದ ತುಂಡು ಸಿಕ್ಕರೆ ಅಭ್ಯಾಸಕ್ಕೆ ಸಾಕು. ತೂಕದಲ್ಲಿ ಶೇ 3ರಷ್ಟನ್ನು ಟಾಲ್ಯೂಯೀನ್‌ನಲ್ಲಿ ಕರಗಿಸಿ. ಟಾಲ್ಯೂಯೀನ್ ಹಬೆ ತಲೆಗೇರುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಹಬೆ ಹೊರಗೆ ಎಳೆದುಹಾಕುವ ಫ್ಯೂಮ್ ಹುಡ್ ಇಲ್ಲದೆ ಮುಚ್ಚಳ ತೆಗೆಯಬೇಡಿ. ಪಿವಿಸಿ ಬಳಸುವ ಯೋಚನೆಯಂತೂ ಬೇಡವೇ ಬೇಡ: ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ.

ಈಗ ಹೆಚ್ಚಿನವರು ಎಡವುವ ಜಾಗ. ಪಾಲಿಸ್ಟೈರೀನ್ ಪಾರದರ್ಶಕ. ನಮ್ಮ ಲೇಸರಿನ ಹಸಿರು ಬೆಳಕು ಅದರೊಳಗೆ ಹಾದುಹೋಗುತ್ತದೆಯೇ ಹೊರತು ಬಿಸಿ ಮಾಡುವುದಿಲ್ಲ. ಹಾಗಾಗಿ ಬೆಳಕು ಹೀರುವ ತೆಳು ಲೋಹದ ಲೇಪ ಅಡಿಯಲ್ಲಿ ಇರಲೇಬೇಕು. ಪ್ರಯೋಗಾಲಯಗಳಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ಲೇಪ ಇದಕ್ಕೆ ಆಗಿಬರುವುದಿಲ್ಲ. ಬಿದ್ದ ಬೆಳಕಿನ ಸುಮಾರು ಶೇ 90ನ್ನು ಅದು ಹಿಂದಕ್ಕೆ ಕಳಿಸಿಬಿಡುತ್ತದೆ. ಗಾಜಿನ ಮೇಲೆ 50 ನ್ಯಾನೋಮೀಟರ್ ಕ್ರೋಮಿಯಂ ಇದ್ದರೆ ಒಳ್ಳೆಯದು. ಗಾಜಿನ ಬದಲು ಸಿಲಿಕಾನ್ ತಟ್ಟೆ ಬಳಸಿದರೆ? ಸಿಲಿಕಾನ್ ಗಾಜಿಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ, ಕಾವು ನಿಲ್ಲುವುದೇ ಇಲ್ಲ. ಗಾಜಿನ ಮೇಲೆ, ಮೈಕ್ರೋಮೀಟರ್ ಗಾತ್ರದ ಚುಕ್ಕೆಯಲ್ಲಿ, ಕೆಲವೇ ಮಿಲಿವ್ಯಾಟ್ ಹೀರಿಕೊಂಡರೂ ನೂರಾರು ಡಿಗ್ರಿ ಏರುತ್ತದೆ.

ಲೋಹ ಲೇಪಿಸಿದ ಗಾಜನ್ನು ಅಸಿಟೋನ್, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಒಣಗಿಸಿ. ದ್ರಾವಣವನ್ನು 0.45 ಮೈಕ್ರೋಮೀಟರ್‌ನ ಟೆಫ್ಲಾನ್ ಸಿರಿಂಜ್ ಫಿಲ್ಟರ್‌ನಿಂದ ಸೋಸಿ, ಗಾಜಿನ ಮೇಲೆ ಹನಿಸಿ, ಗಾಜನ್ನು ಸ್ಪಿನ್ ಕೋಟರ್ ಯಂತ್ರದಲ್ಲಿ ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ತಿರುಗಿಸಿ. ದ್ರಾವಣ ತೆಳು ಪದರವಾಗಿ ಹರಡುತ್ತದೆ. ವೇಗ ನಾಲ್ಕು ಪಟ್ಟಾದರೆ ದಪ್ಪ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗಾಳಿಗಿರಣಿಗಳು ತಿರುಗುವ ಚಿತ್ರದುರ್ಗದ ಗಾಳಿಗೆ ಧೂಳು ಜಾಸ್ತಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಒಂದು ಕಣ ಕೂತರೂ ಅದರ ಹಿಂದೆ ಧೂಮಕೇತುವಿನ ಬಾಲದಂಥ ಗೀರು ಬೀಳುತ್ತದೆ. ಆಮೇಲೆ ಹಾಟ್‌ಪ್ಲೇಟ್ ಮೇಲೆ 90 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಉಳಿದ ಟಾಲ್ಯೂಯೀನ್ ಹೋಗುತ್ತದೆ, ಪದರ ಅಲುಗುವುದಿಲ್ಲ.

ಲೇಸರ್ ಹಚ್ಚುವ ಮುನ್ನ ಕನ್ನಡಕ. ಅಗ್ಗದ 532 ನ್ಯಾನೋಮೀಟರ್ ಹಸಿರು ಲೇಸರ್‌ಗಳಿಂದ ಕಣ್ಣಿಗೆ ಕಾಣದ 808 ಮತ್ತು 1064 ನ್ಯಾನೋಮೀಟರ್ ಕಿರಣಗಳೂ ಸೋರುವುದುಂಟು. ಕನ್ನಡಕ ಈ ಮೂರನ್ನೂ ತಡೆಯುವಂಥದ್ದಿರಲಿ. ಗುರಿ ನೋಡಲು ಮೈಕ್ರೋಸ್ಕೋಪಿಗೆ ಕಣ್ಣಿಡಬೇಡಿ, ಕ್ಯಾಮೆರಾ ಹಾಕಿ.

0.25 ಎನ್‌ಎ (ಮಸೂರ ಬೆಳಕನ್ನು ಎಷ್ಟು ಅಗಲದ ಕೋನದಲ್ಲಿ ಕೂಡಿಸುತ್ತದೆ ಎನ್ನುವ ಅಳತೆ) ಇರುವ 10ಎಕ್ಸ್ ಮಸೂರದಲ್ಲಿ ಚುಕ್ಕೆ ಸುಮಾರು 2.6 ಮೈಕ್ರೋಮೀಟರ್ ಆಗುತ್ತದೆ. ಶಕ್ತಿಯನ್ನು ತೀರಾ ಕಡಿಮೆಯಿಂದ ಶುರುಮಾಡಿ, ಸ್ವಲ್ಪಸ್ವಲ್ಪವೇ ಏರಿಸುತ್ತ, ಒಂದೊಂದು ಮಟ್ಟದಲ್ಲೂ ಒಂದು ಗೆರೆ ಎಳೆಯಿರಿ. ಪಾಲಿಸ್ಟೈರೀನ್ 100 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. 300 ದಾಟಿ ಮೇಲೇರಿದರೆ ಅದರ ಅಣು ಸರಪಳಿಗಳೇ ಒಡೆಯತೊಡಗುತ್ತವೆ. ನಮ್ಮ ಕೆಲಸವೆಲ್ಲ ಈ ನಡುವಿನ ಜಾಗದಲ್ಲಿ. ಗೆರೆಯ ಅಂಚು ಕಂದಾದರೆ ಪದರ ಸುಟ್ಟಿದೆ ಎಂದರ್ಥ, ಶಕ್ತಿ ಇಳಿಸಿ. ಅಂಚು ನಯವಾಗಿದ್ದು ಎರಡೂ ಬದಿ ಬಣ್ಣ ಬದಲಾಗಿದ್ದರೆ ಏರಿ ಎದ್ದಿದೆ, ಅದೇ ಬೇಕಾದದ್ದು.

ಗಾಜನ್ನು ಸರಿಸಲು ಸ್ಟೆಪ್ಪರ್ ಮೋಟಾರ್ ಸಾಕು. ಸುತ್ತಿಗೆ 200 ಹೆಜ್ಜೆಯ ಮೋಟಾರಿಗೆ 1 ಮಿಲಿಮೀಟರ್ ಪಿಚ್‌ನ (ಒಂದು ಸುತ್ತಿಗೆ ಅಷ್ಟು ಮುಂದೆ ಸರಿಯುವ) ಸ್ಕ್ರೂ ಹಾಕಿದರೆ ಹೆಜ್ಜೆಗೆ 5 ಮೈಕ್ರೋಮೀಟರ್. ಗೆರೆ ಎಳೆಯುವ ದಿಕ್ಕಿಗೆ ಅದು ಒರಟಾಯಿತು, ಅಲ್ಲಿ ಒಂದು ಹೆಜ್ಜೆಯನ್ನೇ ಸಣ್ಣ ಸಣ್ಣ ಭಾಗ ಮಾಡುವ ಮೈಕ್ರೋಸ್ಟೆಪ್ಪಿಂಗ್ ಬೇಕು. ಗೆರೆಯಿಂದ ಗೆರೆಗೆ ನಾಲ್ಕು ಹೆಜ್ಜೆ, ಅಂದರೆ 20 ಮೈಕ್ರೋಮೀಟರ್ ಬಿಡಿ.

ಅಳೆಯಲು ದುಬಾರಿ ಉಪಕರಣವೇನೂ ಬೇಡ. ಕೆಂಪು ಲೇಸರ್ ಪಾಯಿಂಟರ್ ಬೆಳಕನ್ನು ಗೆರೆಗಳ ಮೇಲೆ ಹೆಚ್ಚುಕಡಿಮೆ ನೇರವಾಗಿ ಬಿಟ್ಟು, ಪ್ರತಿಫಲನವನ್ನು 1 ಮೀಟರ್ ದೂರದ ಬಿಳಿ ಹಲಗೆಯ ಮೇಲೆ ಹಿಡಿಯಿರಿ. ತರಂಗಾಂತರ 650 ನ್ಯಾನೋಮೀಟರ್ ಇದ್ದರೆ ನಡುವಿನ ಚುಕ್ಕೆಯಿಂದ ಪಕ್ಕದ ಚುಕ್ಕೆಗೆ 3.25 ಸೆಂಟಿಮೀಟರ್ ಬರಬೇಕು. ಅದಕ್ಕಿಂತ ಹೆಚ್ಚು ಬಂದರೆ ಗೆರೆಗಳು ಹತ್ತಿರವಾಗಿವೆ, ಕಡಿಮೆ ಬಂದರೆ ದೂರವಾಗಿವೆ. ಸ್ಕ್ರೂವಿನ ಸಡಿಲ ನೋಡಿ ಬಿಗಿ ಮಾಡಿ.