ಗರಗಸ ನೊಣ: ಬಣ್ಣ ಬಿಡಿ, ಹಲ್ಲು ನೋಡಿ

ಫೋಟೋ ಕಳಿಸಿ ‘ಇದು ಯಾವ ಪ್ರಭೇದ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಗರಗಸ ನೊಣದ (ಸಾಫ್ಲೈ) ಮಟ್ಟಿಗೆ ಫೋಟೋ ನೋಡಿ ಕುಟುಂಬ ಹೇಳಬಹುದು, ಅದೃಷ್ಟವಿದ್ದರೆ ಕುಲವನ್ನೂ ಹೇಳಬಹುದು. ಅಕ್ಕಪಕ್ಕದ ಪ್ರಭೇದಗಳನ್ನು ಬೇರೆ ಮಾಡಬೇಕಾದರೆ ಕೀಟವೇ ಕೈಯಲ್ಲಿರಬೇಕು. ಅದೂ ಹೆಣ್ಣಾದರೆ ಒಳ್ಳೆಯದು.

ಮೊದಲು ಅದು ಗರಗಸ ನೊಣವೇ ಎಂದು ಖಚಿತ ಮಾಡಿಕೊಳ್ಳಿ. ಜೇನು, ಕಣಜಗಳ ಗಣದ್ದೇ ಆದರೂ ಇದಕ್ಕೆ ಸಣ್ಣ ಸೊಂಟವಿಲ್ಲ. ಸಿಕ್ಕಿದ್ದು ಹುಳುವಾದರೆ ಹೊಟ್ಟೆಯಡಿಯ ಹುಸಿಗಾಲು (ಮೆತ್ತನೆಯ ಮೊಂಡುಕಾಲು) ಎಣಿಸಿ. ಎಲೆಯ ಮೇಲೆ ಮೇಯುವ ಗರಗಸ ನೊಣದ ಹುಳುವಿಗೆ ಸಾಮಾನ್ಯವಾಗಿ 6ರಿಂದ 8 ಜೊತೆ ಇರುತ್ತವೆ. ಪತಂಗದ ಹುಳುವಿಗೆ 5 ಜೊತೆ ದಾಟುವುದು ಅಪರೂಪ.

ಕುಟುಂಬಕ್ಕೆ ಕುಡಿಮೀಸೆ ಸಾಕು. ಮೂರೇ ಗೆಣ್ಣಿದ್ದು ಮೂರನೆಯದು ಉದ್ದವಿದ್ದರೆ ಆರ್ಗಿಡೇ, ತುದಿ ಗುಂಡಗೆ ಉಬ್ಬಿದ್ದರೆ ಸಿಂಬಿಸಿಡೇ, ಗಂಡಿನಲ್ಲಿ ಬಾಚಣಿಗೆಯಂತಿದ್ದರೆ ಬಹುಮಟ್ಟಿಗೆ ಡಿಪ್ರಿಯೋನಿಡೇ. ಒಂಬತ್ತು ಗೆಣ್ಣಿನ ಸಾದಾ ಮೀಸೆಯವು ಹೆಚ್ಚಾಗಿ ಟೆಂತ್ರೆಡಿನಿಡೇ.

ಹುಳು ಸಿಕ್ಕರೆ ಕೊಲ್ಲಬೇಡಿ, ಸಾಕಿ. ಯಾವ ಗಿಡದ ಮೇಲಿತ್ತೆಂದು ಆಗಲೇ ಬರೆದಿಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಹಲವು ಪ್ರಭೇದಗಳ ಹುಳು ಕೊನೆಯ ಪೊರೆ ಬಿಟ್ಟ ಮೇಲೆ ಮೇಯುವುದಿಲ್ಲ. ಚುಕ್ಕೆ, ಪಟ್ಟೆಗಳು ಮಾಯವಾಗಿ ಬೇರೆಯೇ ಹುಳುವಿನಂತೆ ಕಾಣುತ್ತದೆ. ಅದಕ್ಕೇ ಮುಂಚೆಯೇ ಫೋಟೋ ತೆಗೆದಿಡಿ.

ಇನ್ನು ಎಲ್ಲರೂ ಕೆಡಿಸುವ ಕೆಲಸ: ಹೆಣ್ಣಿನ ಹೊಟ್ಟೆಯ ತುದಿಯ ಗರಗಸವನ್ನು ಬಿಡಿಸಿ ತೆಗೆಯುವುದು. ಅದೇಕೆಂದರೆ ಬಣ್ಣ ನಂಬುವಂತಿಲ್ಲ. ಅಥಾಲಿಯಾ ಕುಲದಲ್ಲಿ ಕಿತ್ತಳೆ ಮೈ, ಕಪ್ಪು ತಲೆ ಹಲವು ಪ್ರಭೇದಗಳಿಗಿದೆ. ಒಂದೇ ಪ್ರಭೇದದೊಳಗೂ ಕಪ್ಪು ಹೆಚ್ಚು ಕಡಿಮೆಯಾಗುತ್ತದೆ. ಟೆಂತ್ರೆಡೋ ಕುಲದ ಹಸಿರು ಕೀಟ ಸತ್ತ ಮೇಲೆ ಹಳದಿಯಾಗುತ್ತದೆ. ಹೆಣ್ಣು ಮೊಟ್ಟೆಯಿಡಲು ಎಲೆ ಸೀಳುವ ಗರಗಸದ ಹಲ್ಲುಗಳು ಅಷ್ಟು ಸುಲಭಕ್ಕೆ ಮೋಸ ಮಾಡವು.

ಒಣಗಿದ ಕೀಟವನ್ನು ಒಂದು ರಾತ್ರಿ ತೇವದ ಡಬ್ಬಿಯಲ್ಲಿಟ್ಟು ಮೆದು ಮಾಡಿ. ಹೊಟ್ಟೆಯ ತುದಿಯ ಎರಡು ಒರೆಗಳ ನಡುವೆ ಸೂಜಿ ತೂರಿಸಿ ಗರಗಸವನ್ನು ಕೆಳಗೆ ಎಳೆದು ಬುಡದಲ್ಲಿ ಕತ್ತರಿಸಿ. ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮಾಂಸ ಕರಗುವವರೆಗೆ ಬಿಡಿ. ಬೇಗ ಆಗಲೆಂದು ಕುದಿಸಬೇಡಿ, ಅಲಗು ಮುದುಡುತ್ತದೆ. ತೊಳೆದು ಒಂದು ತೊಟ್ಟು ಗ್ಲಿಸರಿನ್‌ನಲ್ಲಿಡಿ. ಕೆಳಗಿನ ಹಲ್ಲುಳ್ಳ ಎರಡು ಅಲಗುಗಳು ಮೇಲಿನ ಅಲಗಿನ ಜಾಡಿನಲ್ಲಿ ಜಾರುತ್ತವೆ. ಬಹಳ ಜನ ಇಲ್ಲಿ ಅಡ್ಡಕ್ಕೆ ಕಿತ್ತು ಹಲ್ಲು ಮುರಿಯುತ್ತಾರೆ. ಬುಡ ಹಿಡಿದು ಜಾಡಿನಗುಂಟವೇ ಸರಿಸಿ. ತುದಿಗೆ ಚಿಮುಟ ತಾಗಿಸಲೇಬೇಡಿ. ಒಂದು ಅಲಗನ್ನು ಚಪ್ಪಟೆಯಾಗಿ ಮಲಗಿಸಿ ಕವರ್ ಸ್ಲಿಪ್ ಮುಚ್ಚಿ. ಶಾಶ್ವತ ಸ್ಲೈಡಿಗೆ ಗ್ಲಿಸರಿನ್ ತೊಳೆದು ಯುಪರಾಲ್ ಎಂಬ ಸ್ಲೈಡಿನ ಅಂಟು ಬಳಸಿ. ಉಗುರುಬಣ್ಣದಲ್ಲೇ ಅಂಟಿಸುವ ಉಪಾಯ ಬೇಡ: ಗುಳ್ಳೆ ಏಳುತ್ತದೆ, ಕುಗ್ಗುತ್ತದೆ, ಅಲಗನ್ನೂ ಎಳೆಯುತ್ತದೆ. ಮೊಬೈಲಿಗೆ ಸಿಕ್ಕಿಸುವ ‘ಸಾವಿರ ಪಟ್ಟು’ ಲೆನ್ಸಿಗೂ ದುಡ್ಡು ಹಾಕಬೇಡಿ.

ಈಗ ಸೂಕ್ಷ್ಮದರ್ಶಕದಲ್ಲಿ, ಅಲಗನ್ನು ಅಡ್ಡಕ್ಕೆ ಭಾಗ ಮಾಡುವ ಉಂಗುರಗಳನ್ನು ಬುಡದಿಂದ ಎಣಿಸಿ, ನಡುವಿನ ಹಲ್ಲುಗಳನ್ನು ಗುರುತಿಸುವ ಪುಸ್ತಕದ ಚಿತ್ರಗಳೊಂದಿಗೆ ಹೋಲಿಸಿ. ಹಲ್ಲು ಮುಂಚಾಚಿದೆಯೇ, ಚಪ್ಪಟೆಯೇ? ಅದರ ಇಳಿಜಾರಿನಲ್ಲಿ ಎಷ್ಟು ಕಿರುಹಲ್ಲು? ಉಂಗುರಗಳ ಮೇಲಿನ ಮುಳ್ಳಿನ ಸಾಲು ಹೇಗಿದೆ? ಮೊಟ್ಟೆಯಿಟ್ಟು ಮುಗಿಸಿದ ಹೆಣ್ಣಿನ ಹಲ್ಲು ಸವೆದಿರುತ್ತದೆ, ಅದನ್ನು ಹೊಸ ಪ್ರಭೇದ ಎಂದು ಸಾರಬೇಡಿ. ಸಾಕಿ ಹೊರಬಂದ ಹೆಣ್ಣು ಉತ್ತಮ. ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ನೋಡಿ.

ಗಂಡು ಸಿಕ್ಕರೆ ಜನನಾಂಗದ ಶಿಶ್ನ ಕವಾಟ (ಒಳಗಿನ ಗಟ್ಟಿ ಫಲಕ) ತೆಗೆದು ಹೀಗೇ ನೋಡಿ. ಕೆಲವು ಪ್ರಭೇದಗಳಲ್ಲಿ ಗಂಡೇ ಅಪರೂಪ, ಹೆಣ್ಣುಗಳು ಗಂಡಿನೊಡನೆ ಕೂಡದೆಯೇ ಇಟ್ಟ ಮೊಟ್ಟೆಗಳಿಂದ ಹೆಣ್ಣುಗಳೇ ಹುಟ್ಟುತ್ತವೆ.

ಡಿಎನ್‌ಎ ಬಾರ್‌ಕೋಡ್ (ಜೀನಿನ ಒಂದು ತುಣುಕು ಓದಿ ಪ್ರಭೇದ ಗುರುತಿಸುವ ವಿಧಾನ) ಒಂದನ್ನೇ ನಂಬುವವರಿಗೊಂದು ಮಾತು. ಪೈನ್ ಮರದ ನಿಯೋಡಿಪ್ರಿಯಾನ್ ಕುಲದಲ್ಲಿ ಮಿಶ್ರಸಂಕರದಿಂದ ಮೈಟೋಕಾಂಡ್ರಿಯದ ಜೀನುಗಳು ಪ್ರಭೇದದಿಂದ ಪ್ರಭೇದಕ್ಕೆ ದಾಟಿವೆ; ಬಾರ್‌ಕೋಡ್ ಓದುವುದೂ ಮೈಟೋಕಾಂಡ್ರಿಯದ ಜೀನನ್ನೇ. ಆದರೂ ಒಂದು ಕಾಲನ್ನು ಶೇ 95ರ ಆಲ್ಕೋಹಾಲ್‌ನಲ್ಲಿಡಿ, ಮುಂದೆ ಬೇಕಾದೀತು.

ಹಲ್ಲು ಯಾವುದಕ್ಕೂ ಹೊಂದದಿದ್ದರೆ ಕುಲದ ಹೆಸರಷ್ಟೇ ಬರೆಯಿರಿ. ಪಿನ್ನಿನ ಕೀಟ, ಗರಗಸದ ಸ್ಲೈಡು, ಕಾಲಿನ ಶೀಶೆ ಮೂರಕ್ಕೂ ಒಂದೇ ಸಂಖ್ಯೆ ಅಂಟಿಸಿ, ಗಿಡದ ಹೆಸರು ಸೇರಿಸಿ.