ಅಪ್ಪಯ್ಯನಿಗೆ ಕಿವಿ ಮಷಿನ್ ಹಾಕಿಸುವಾಗ ಕಲಿತದ್ದು

ಅಪ್ಪಯ್ಯ ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಚಂಡೆ ಬಾರಿಸಿದವರು. ನಮ್ಮ ಮನೆ ಇರುವುದು ಹೊನ್ನಾವರದಿಂದ ಸ್ವಲ್ಪ ಒಳಗೆ, ಶರಾವತಿ ದಂಡೆಯ ಮೇಲೆ. ಅವರ ಕಿವಿ ಮಂದ ಆಗಿದೆ ಅಂತ ನಮಗೆ ಗೊತ್ತಾಗಿದ್ದು ಅಂಗಡಿ ಸಾಮಾನಿನಿಂದ. ಆಯಿ ಸೊಪ್ಪು ತನ್ನಿ ಅಂದರೆ ಅವರು ಉಪ್ಪು ತಂದರು. ಒಂದೇ ತಿಂಗಳಲ್ಲಿ ಎರಡು ಸಲ ಹೀಗಾಯಿತು. ಕೇಳಿದರೆ, "ನಂಗೆ ಕೇಳ್ತದೆ, ನೀವೇ ಬಾಯೊಳಗೆ ಮಾತಾಡ್ತೀರಿ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ವಯಸ್ಸಿನಿಂದಲೋ ಸದ್ದಿನಿಂದಲೋ ಕಿವಿ ಹೋಗುವಾಗ ಮೊದಲು ಹೋಗುವುದು ಮೇಲಿನ ಶ್ರುತಿಯ ಸದ್ದುಗಳು. ಸ, ಶ, ತ, ಕ ಇವುಗಳ ಸದ್ದೆಲ್ಲ ಅಲ್ಲೇ ಇರುತ್ತದೆ. ಆ, ಓ, ಊ ಮಾತ್ರ ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ಕೇಳುತ್ತದೆ, ಏನು ಅಂದರು ಅಂತ ತಿಳಿಯುವುದಿಲ್ಲ. ಸೊಪ್ಪಿನಿಂದ ಸ ಬಿದ್ದುಹೋದರೆ ಉಳಿಯುವುದು ಉಪ್ಪೇ ಅಲ್ವಾ? ನಿಮ್ಮ ಮನೆಯಲ್ಲೂ ಯಾರಾದರೂ ಎಲ್ಲದಕ್ಕೂ ಸುಮ್ನೆ "ಹೂಂ" ಅನ್ನುತ್ತಿದ್ದರೆ, ಮದುವೆ ಮನೆಯಲ್ಲಿ ಪಂಕ್ತಿ ಮುಗಿದ ಮೇಲೆ ಮಾತಿಗೆ ನಿಲ್ಲದೆ ಹೊರಟುಬಿಡುತ್ತಿದ್ದರೆ, ಪರೀಕ್ಷೆ ಮಾಡಿಸಿ. ಹಟ ಅಂತಲೋ ಮರೆವು ಅಂತಲೋ ತಿಳಿದು ಬಿಟ್ಟುಬಿಡಬೇಡಿ.

ನಾನು ಮೊದಲು ಪರೀಕ್ಷೆ ಇಲ್ಲದೆ ಆನ್‌ಲೈನಿನಲ್ಲಿ ಒಂದು ಮಷಿನ್ ತರಿಸಿದೆ. ಅದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತಿತ್ತು. ಆಯಿ ಪಾತ್ರೆ ತೊಳೆಯಲು ಶುರು ಮಾಡಿದರೆ ಅಪ್ಪಯ್ಯ ಕಿವಿ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ಅವರಿಗೆ ಬೇಕಾಗಿದ್ದು ಮೇಲಿನ ಸದ್ದು ಮಾತ್ರ. ಕೆಳಗಿನದು ಅವರಲ್ಲಿ ಇದ್ದೇ ಇತ್ತು. ಕಣ್ಣು ತೋರಿಸದೆ ಯಾರದೋ ನಂಬರಿನ ಕನ್ನಡಕ ಹಾಕಿದ ಹಾಗಾಯಿತು. ಆಮೇಲೆ ಆರು ತಿಂಗಳು ಮಷಿನ್ ಅಂದರೆ ಸಾಕು, ಎದ್ದು ಹೋಗುತ್ತಿದ್ದರು. ಆ ಆರು ತಿಂಗಳು ಹೋಗಿದ್ದಕ್ಕೆ ನನಗೆ ಇನ್ನೂ ಬೇಜಾರಿದೆ.

ಮೊದಲು ಹೋಗಬೇಕಾದ್ದು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ. ಎಲ್ಲ ಕಿವುಡಿಗೂ ಮಷಿನ್ ಬೇಡ. ಗುಗ್ಗೆ ಗಟ್ಟಿಯಾಗಿ ಕೂತಿರಬಹುದು, ಪರದೆ ತೂತಾಗಿರಬಹುದು, ಪರದೆ ಹಿಂದೆ ನೀರು ನಿಂತಿರಬಹುದು. ಇವಕ್ಕೆಲ್ಲ ಔಷಧಿಯೋ ಆಪರೇಷನ್ನೋ ಇದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಗೋಡೆಗೆ, ಚಪ್ಪಲಿಗೆ ಬೂಷ್ಟು ಹಿಡಿದ ಹಾಗೆ ಕಿವಿಯೊಳಗೂ ಹಿಡಿಯುತ್ತದೆ. ವಿಪರೀತ ತುರಿಕೆ, ಕಿವಿ ಕಟ್ಟಿದ ಹಾಗೆ, ಆಮೇಲೆ ನೋವು. ಡಾಕ್ಟರು ಅದನ್ನು ಪೂರ್ತಿ ತೆಗೆದು ಬೂಷ್ಟಿನ ಔಷಧಿ ಬಿಡುತ್ತಾರೆ. ಮನೆಯಲ್ಲಿ ಹಿಡಿಕಡ್ಡಿ, ಹೇರ್‌ಪಿನ್ ಹಾಕಿ ಕೆರೆದರೆ ಗಾಯ ಆಗಿ ಇನ್ನೂ ಹಬ್ಬುತ್ತದೆ. ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆ ಬಿಡುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ, ನಮ್ಮ ಅಜ್ಜಿಯೂ ಬಿಡುತ್ತಿದ್ದರು. ಆದರೆ ಪರದೆಯಲ್ಲಿ ತೂತು ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ತೂತಿದ್ದರೆ ಎಣ್ಣೆ ನೇರ ಒಳಗೆ ಹೋಗುತ್ತದೆ. ದಯವಿಟ್ಟು ಕಿವಿಗೆ ಎಣ್ಣೆ ಹಾಕಬೇಡಿ.

ಒಂದು ವಿಷಯಕ್ಕೆ ಮಾತ್ರ ಒಂದು ದಿನವೂ ಕಾಯಬಾರದು. ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಹೋಗಿದ್ದರೆ, ನೆಗಡಿ ಕಟ್ಟಿದೆ, ತಾನಾಗಿ ಬಿಡುತ್ತದೆ ಅಂತ ಕೂರಬೇಡಿ. ಅದು ಒಳಗಿವಿಯ ತೊಂದರೆ ಆಗಿದ್ದರೆ ಸ್ಟೀರಾಯ್ಡ್ ಬೇಗ ಶುರು ಮಾಡಿದಷ್ಟೂ ಕಿವಿ ಮರಳುವ ಸಾಧ್ಯತೆ ಜಾಸ್ತಿ. 2 ವಾರ ದಾಟಿದರೆ ಅದು ತೀರಾ ಕಡಿಮೆಯಾಗುತ್ತದೆ. ಕಿವಿ ಸೋರುವುದರ ಜೊತೆಗೆ ತಲೆ ಸುತ್ತುತ್ತಿದ್ದರೆ, ಮುಖ ಒಂದು ಕಡೆ ಸೊಟ್ಟ ಆಗಿದ್ದರೆ ಆಗಲೂ ತಡ ಮಾಡಬೇಡಿ. ಒಂದೇ ಕಿವಿ ನಿಧಾನಕ್ಕೆ ಮಂದ ಆಗುತ್ತಿದ್ದರೆ ಡಾಕ್ಟರು ಎಂಆರ್‌ಐ ಬರೆಯಬಹುದು. ಹೆದರುವುದು ಬೇಡ, ಆದರೆ ಮಾಡಿಸಿ.

ಇನ್ನು ಪರೀಕ್ಷೆ. ನಾವು ಮಾಡಿಸಿದ್ದು ಕಾರವಾರದಲ್ಲಿ. ಹೊರಡುವ ಮೊದಲು ಫೋನ್ ಮಾಡಿ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವವರು, ಆ ದಿನ ಇರುತ್ತಾರೋ ಕೇಳಿಕೊಳ್ಳಿ, ಸುಮ್ನೆ ಬಸ್ಸಿನಲ್ಲಿ ಹೋಗಿ ಬರುವ ಹಾಗಾಗಬಾರದು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಇರಲಿ. ಹಿಂದೆ ಟಿಬಿಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಹೇಳಿ, ಅದು ಕಿವಿಗೆ ಹಾನಿ ಮಾಡುವ ಔಷಧಿ. ಹಿಂದಿನ ರಾತ್ರಿ ಯಕ್ಷಗಾನದ ಆಟಕ್ಕೋ, ಮೈಕಿನ ಮದುವೆಗೋ ಹೋಗಿ ಬೆಳಗ್ಗೆ ಪರೀಕ್ಷೆಗೆ ಕೂರಬಾರದು. ದೊಡ್ಡ ಸದ್ದಿನ ನಂತರ ಕಿವಿ ಕೆಲ ಹೊತ್ತು ಮಂದ ಇರುತ್ತದೆ, ಪರೀಕ್ಷೆಯ ಗ್ರಾಫ್ ತಪ್ಪು ಬರುತ್ತದೆ.

ಸದ್ದು ಬರದ ಚಿಕ್ಕ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಕೀಂ ಅಂತ ಸಣ್ಣ ಸದ್ದು ಬಂದಾಗ ಗುಂಡಿ ಒತ್ತಬೇಕು. ಬಂತೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿದ್ದರೂ ಒತ್ತಬೇಕು, ಇದನ್ನು ಹಿರಿಯರಿಗೆ ಮೊದಲೇ ಬಿಡಿಸಿ ಹೇಳಿ. ಅವರು ಖಾತ್ರಿ ಆಗುವವರೆಗೆ ಕಾಯುತ್ತಾರೆ. ಅಪ್ಪಯ್ಯನ ವಿಷಯದಲ್ಲಿ ಬೇರೆಯೇ ಆಯಿತು. ಎರಡು ನಿಮಿಷಕ್ಕೆ ಆಡಿಯಾಲಜಿಸ್ಟ್ ನಿಲ್ಲಿಸಿ, "ಅಜ್ಜ, ಸದ್ದು ಬರದೆಯೂ ಒತ್ತುತ್ತಿದ್ದೀರಿ" ಅಂದರು. ಸದ್ದುಗಳ ನಡುವಿನ ಅಂತರ ಅಪ್ಪಯ್ಯನ ಕೈಗೆ ತಾಳವಾಗಿ ಕೂತಿತ್ತು. ಮುಂದಿನ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ ಬೆರಳು ತಾನಾಗಿ ಒತ್ತುತ್ತಿತ್ತು. ಆಕೆ ಅಂತರವನ್ನು ಹೆಚ್ಚು ಕಡಿಮೆ ಮಾಡಿ ಮತ್ತೆ ಮೊದಲಿನಿಂದ ಮಾಡಿದರು. ತಾಳ್ಮೆಯಿಂದ ಮಾಡುವವರು ಸಿಕ್ಕಿದ್ದು ನಮ್ಮ ಪುಣ್ಯ.

ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಒಂದು ಸಣ್ಣ ಡಬ್ಬಿ ತಾಗಿಸಿ ಅದರಿಂದಲೂ ಸದ್ದು ಕೊಡುತ್ತಾರೆ. ಎಲುಬಿನಿಂದ ಚೆನ್ನಾಗಿ ಕೇಳಿ, ಹೆಡ್‌ಫೋನಿನಿಂದ ಕೇಳದಿದ್ದರೆ ತೊಂದರೆ ಹೊರಗಿವಿ ಅಥವಾ ನಡುಗಿವಿಯಲ್ಲಿ. ಎರಡೂ ಒಂದೇ ಸಮ ಕಡಿಮೆ ಇದ್ದರೆ ಒಳಗಿವಿ ಅಥವಾ ನರದ್ದು. ಕನ್ನಡ ಪದ ಹೇಳಿ ಮರಳಿ ಹೇಳಿಸುವ ಪರೀಕ್ಷೆಯೂ ಇದೆ. ಮನೆಯಲ್ಲಿ ಕೊಂಕಣಿ ಆಡುವವರಾದರೆ ಮೊದಲೇ ತಿಳಿಸಿ, ಗೊತ್ತಿಲ್ಲದ ಪದ ತಪ್ಪಿದರೆ ಕಿವಿಯ ತಪ್ಪಲ್ಲ.

ಗ್ರಾಫಿನ ಪ್ರತಿ ಕೇಳಿ ಪಡೆದು, ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಓದುವುದು ಕಷ್ಟವಲ್ಲ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಗುರುತು ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಶ್ರುತಿ ಏರುತ್ತದೆ, 250ರಿಂದ 8000 ಹರ್ಟ್ಸ್‌ವರೆಗೆ. ಗುರುತು ಕೆಳಗೆ ಇಳಿದಷ್ಟೂ ಕಿವಿ ಮಂದ. ಸದ್ದು ಎಷ್ಟು ಜೋರು ಅನ್ನುವುದರ ಅಳತೆ ಡೆಸಿಬಲ್. ದೊಡ್ಡವರಲ್ಲಿ 25 ಡೆಸಿಬಲ್‌ವರೆಗೆ ಸರಿ, 40ರವರೆಗೆ ಸ್ವಲ್ಪ ಮಂದ, 70 ದಾಟಿದರೆ ತೀವ್ರ. ಅಪ್ಪಯ್ಯನ ಗೆರೆ 500ರಲ್ಲಿ 30ಕ್ಕೆ ಇತ್ತು, 4000ಕ್ಕೆ ಬರುವಾಗ 65ಕ್ಕೆ ಕುಸಿದು, 8000ದಲ್ಲಿ ಸ್ವಲ್ಪ ಮೇಲೆದ್ದಿತ್ತು. ಆ 4000ದ ತಗ್ಗು ಸಾಮಾನ್ಯವಾಗಿ ಸದ್ದಿನ ಕೆಲಸ ಮಾಡಿದವರ ಗುರುತಂತೆ. ಸದ್ದು ಹಿಡಿಯುವ ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಪ್ಪಯ್ಯ ಗ್ರಾಫನ್ನು ತುಂಬಾ ಹೊತ್ತು ನೋಡಿ, "ಭಾಗವತರ ತಾಳ ಕೇಳದೆ ಎಷ್ಟೋ ವರ್ಷ ಆಯ್ತು ತಂಗಿ, ಅವರು ಮೆಲ್ಲಗೆ ಹಾಕ್ತಾರೆ ಅಂತ ತಿಳಿದಿದ್ದೆ" ಅಂದರು.

ಮಷಿನ್ ಆರಿಸುವಾಗ ಬೆರಳು ನೋಡಿ. ಕಿವಿಯೊಳಗೆ ಅಡಗುವ ಪುಟ್ಟ ಮಷಿನ್ ಎಲ್ಲರಿಗೂ ಇಷ್ಟ, ಆದರೆ ಅದರ ಬ್ಯಾಟರಿ ಬೇಳೆಕಾಳಿನಷ್ಟು. ಅಪ್ಪಯ್ಯನ ಬೆರಳು ಕೋಲು ಹಿಡಿದು ದಡ್ಡುಗಟ್ಟಿದ್ದು. ಅದಕ್ಕೆ ಕಿವಿ ಹಿಂದೆ ಕೂರುವಂಥದ್ದು, 13 ನಂಬರಿನ ಕಿತ್ತಳೆ ಪಟ್ಟಿಯ ಬ್ಯಾಟರಿ ಹಾಕುವಂಥದ್ದು ತೆಗೆದುಕೊಂಡೆವು. ಚಾರ್ಜ್ ಮಾಡುವ ಮಷಿನ್ ಬೇಡ ಅಂದೆ. ನಮ್ಮಲ್ಲಿ ಆಷಾಢದಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಎರಡೂ ಕಿವಿ ಮಂದ ಇದ್ದರೆ ಆದಷ್ಟೂ ಎರಡಕ್ಕೂ ಹಾಕಿಸಿ. ಜಾಸ್ತಿ ದುಡ್ಡಿನ ಮಷಿನ್ನಿಗಿಂತ, ಸರಿಮಾಡಿಸಲು ಮತ್ತೆ ಮತ್ತೆ ಹೋಗಲು ಆಗುವ ಜಾಗ ಮುಖ್ಯ. ಎಷ್ಟು ಸಲ ಬಂದು ಹೊಂದಿಸಿಕೊಳ್ಳಬಹುದು ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ಮನೆಯವರ ಕೆಲಸ ಇಲ್ಲಿಂದ ಶುರು. ವರ್ಷಗಟ್ಟಲೆ ಕೇಳದ ಸದ್ದು ಒಮ್ಮೆಗೇ ಬಂದಾಗ ಮಿದುಳಿಗೆ ಎಲ್ಲವೂ ಗಲಾಟೆ. ಮೊದಲ ದಿನ ಅಪ್ಪಯ್ಯ ಮೂರು ಸಲ "ಇದೆಂತ ಸದ್ದು?" ಅಂದರು. ಫ್ರಿಜ್, ಗೋಡೆ ಗಡಿಯಾರ, ಅವರದೇ ಹವಾಯಿ ಚಪ್ಪಲಿ. ಮೊದಲ ವಾರ ದಿನಕ್ಕೆ ಒಂದೆರಡು ತಾಸು, ಮನೆಯೊಳಗೆ, ಒಬ್ಬರೇ ಎದುರು ಕೂತು ಮಾತಾಡಿ. ಆಮೇಲೆ ಅಂಗಳ, ಆಮೇಲೆ ಟಿವಿ, ಪೇಟೆ ಕೊನೆಗೆ. ಯಾವ ಸದ್ದು ಚುಚ್ಚಿತು, ಯಾರ ಮಾತು ತಿಳಿಯಲಿಲ್ಲ ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. "ಒಗ್ಗರಣೆ ಸಿಡಿದದ್ದು ಚುಚ್ಚಿತು", "ಮೊಮ್ಮಗಳ ಮಾತು ಇಲ್ಲ". ಎರಡನೇ ಭೇಟಿಯಲ್ಲಿ ಅದನ್ನು ನೋಡಿಯೇ ಆಡಿಯಾಲಜಿಸ್ಟ್ ಕಂಪ್ಯೂಟರಿನಲ್ಲಿ ಸರಿ ಮಾಡಿದರು. ಸುಮ್ನೆ "ಸರಿ ಇಲ್ಲ" ಅಂದರೆ ಅವರಿಗೆ ಏನು ತಿಳಿಯಬೇಕು?

ಮಾತಾಡುವಾಗ ಮೊದಲು ಕರೆಯಿರಿ, ಮುಖ ತಿರುಗಿದ ಮೇಲೆ ವಿಷಯ ಹೇಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕೂಗಬೇಡಿ, ಕೂಗಿದರೆ ಅಕ್ಷರ ಒಡೆಯುತ್ತದೆ, ಸಿಟ್ಟು ಬಂದ ಹಾಗೂ ಕಾಣುತ್ತದೆ.

ಮಷಿನ್ನಿಗೆ ನಮ್ಮ ಹವೆಯೇ ದೊಡ್ಡ ಶತ್ರು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಹೊಸ ಬ್ಯಾಟರಿಯ ಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಅದು ಗಾಳಿಯಿಂದಲೇ ಜೀವ ಪಡೆಯುವ ಬ್ಯಾಟರಿ. ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚುವಾಗ ತೆಗೆದಿಡಿ. ಎರಡನೇ ತಿಂಗಳು ಒಂದು ಮಷಿನ್ ಇದ್ದಕ್ಕಿದ್ದಂತೆ ಮಂದ ಆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಮೈಕಿನ ಸೂಜಿಮೊನೆಯಂಥ ತೂತಿನಲ್ಲಿ ಬೆಳ್ಳಗೆ ಏನೋ ಕೂತಿತ್ತು. ಸುಣ್ಣ. ಕವಳ (ಎಲೆ ಅಡಿಕೆ) ಹಾಕಿದ ಬೆರಳಲ್ಲೇ ಮಷಿನ್ ತಿದ್ದಿಕೊಳ್ಳುತ್ತಿದ್ದರು, ತೆಗೆದರೆ ಕವಳದ ತಟ್ಟೆಯಲ್ಲೇ ಇಡುತ್ತಿದ್ದರು. ಈಗ ತಟ್ಟೆಯ ಪಕ್ಕ ಒಂದು ಒದ್ದೆ ಬಟ್ಟೆ ಇರುತ್ತದೆ, ಬೆರಳು ಒರೆಸಿಕೊಂಡೇ ಮುಟ್ಟುತ್ತಾರೆ.

ದುಡ್ಡಿನ ತೊಂದರೆ ಇದ್ದರೆ: ಎರಡೂ ಕಿವಿಯಲ್ಲಿ 60 ಡೆಸಿಬಲ್ ಮುಟ್ಟಿದ ನಷ್ಟ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅದು ಅಂಗವೈಕಲ್ಯ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಅಂಗವೈಕಲ್ಯ ಶೇಕಡಾ 40 ಮತ್ತು ಮೇಲಿದ್ದು ಆದಾಯ ಕಡಿಮೆ ಇದ್ದರೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಮಷಿನ್ನಿಗೆ ಸಹಾಯ ಸಿಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ನಮ್ಮ ಕಡೆಯವರು ಹೋಗುತ್ತಾರೆ, ಮಕ್ಕಳಿದ್ದರಂತೂ ಹೋಗಿಬನ್ನಿ. ಮಗು ಸದ್ದಿಗೆ ತಿರುಗದಿದ್ದರೆ "ಇವನ ಅಪ್ಪನೂ ತಡವಾಗಿ ಮಾತಾಡಿದ್ದ" ಅಂತ ಕಾಯಬೇಡಿ. ಹುಟ್ಟಿದ 1 ತಿಂಗಳೊಳಗೆ ಕಿವಿ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಚಿಕಿತ್ಸೆ ಶುರು ಆಗಬೇಕು.

ಈಗ ಅತ್ತೆಯ ಮಗ ಚಂಡೆ ಹಿಡಿದಿದ್ದಾನೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಮೇಲೆ 3 ಡೆಸಿಬಲ್ ಏರಿದ ಹಾಗೆಲ್ಲ ಆ ಹೊತ್ತು ಅರ್ಧ ಆಗುತ್ತದೆ, 100ಕ್ಕೆ ಬರುವಾಗ 15 ನಿಮಿಷ ಅಷ್ಟೇ. ಅವನಿಗೆ ವಾದ್ಯದವರು ಹಾಕುವ ಇಯರ್ ಪ್ಲಗ್ ತರಿಸಿಕೊಟ್ಟೆವು, ಅದರಲ್ಲಿ ಪದ್ಯ ಸ್ಪಷ್ಟ ಕೇಳುತ್ತದೆ, ಪೆಟ್ಟು ಮಾತ್ರ ಇಳಿಯುತ್ತದೆ. ಮೊದಲು ಬೇಡ ಅಂದಿದ್ದ. ಅಪ್ಪಯ್ಯ ತಮ್ಮ ಗ್ರಾಫ್ ತೆಗೆದು ಅವನ ಕೈಗೆ ಕೊಟ್ಟರು. ಮೇಳ ಮುಗಿದು ಅವನು ಮನೆಗೆ ಬಂದ ಮೇಲೆ, ಜೂನಿನಲ್ಲಿ, ಅವನದೂ ಒಂದು ಗ್ರಾಫ್ ತೆಗೆಸಬೇಕು.