ನಮ್ಮೂರಿನ ಬೋರುಗಳ ನಕ್ಷೆ ಮಾಡಿದ್ದು ಹೀಗೆ

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಲ್ಲಿ ಅಡಿಕೆ ತೋಟ ಇರುವವರೆಲ್ಲ ಬೋರಿನ ಲೆಕ್ಕ ಬಾಯಲ್ಲೇ ಹೇಳುತ್ತಾರೆ. "ನಮ್ದು 520 ಅಡಿ, ಎರಡಿಂಚು ನೀರು." "ನಮ್ದು 700 ಹೋದ್ರೂ ಬರೀ ಧೂಳು." 2017ರಲ್ಲಿ ಅಪ್ಪ ಒಂದೇ ತಿಂಗಳಲ್ಲಿ ಎರಡು ಬೋರು ಕೊರೆಸಿದರು. ಎರಡೂ ಫೇಲ್. ಬದು ದಾಟಿದರೆ ಪಕ್ಕದ ಹೊಲದಲ್ಲಿ ನೀರಿತ್ತು. ಈ ಲೆಕ್ಕವೆಲ್ಲ ಒಂದೇ ಹಾಳೆಯ ಮೇಲೆ ಕಣ್ಣಿಗೆ ಕಾಣಬೇಕು ಅಂತ ಆಗಲೇ ಅನ್ನಿಸಿತ್ತು. ಹೋದ ವರ್ಷ ಮಾಡಿದೆ. ನೀವೂ ಮಾಡಬಹುದು.

ತಾಲ್ಲೂಕಿಗೊಂದು ಬಣ್ಣ ತುಂಬುವ ನಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊಳಲ್ಕೆರೆ ಪೂರ್ತಿ ಒಂದೇ ಬಣ್ಣವಾದರೆ ನಮ್ಮ ಹೊಲಕ್ಕೂ ಪಕ್ಕದ ಹೊಲಕ್ಕೂ ಇರುವ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅಂಥ ನಕ್ಷೆ ಮಾಡಲೇಬೇಕಾದರೆ ಗಡಿ ಯಾವ ವರ್ಷದ್ದು ಅಂತ ನೋಡಿಕೊಳ್ಳಿ. 2011ರ ಜನಗಣತಿಯಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದೆ. ಈಗ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಹಳೇ ಅಂಕಿ, ಹೊಸ ಗಡಿ ಬೆರೆತರೆ ಲೆಕ್ಕ ತಪ್ಪುತ್ತದೆ.

ನಮಗೆ ಬೇಕಿದ್ದು ಬೋರಿಗೊಂದು ಚುಕ್ಕೆ. ಪ್ರತಿ ಬೋರಿನ ಹತ್ತಿರ ನಿಂತು, ಫೋನಿನ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಜಾಗವನ್ನು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು ಅಕ್ಷಾಂಶ, ನಮ್ಮ ಕಡೆ 14ರಿಂದ ಶುರು. ಎರಡನೆಯದು ರೇಖಾಂಶ, 76ರಿಂದ ಶುರು. ಎಕ್ಸೆಲ್ ಹಾಳೆಯಲ್ಲಿ ಇವೆರಡರ ಜೊತೆ ಆಳ, ಕೊರೆಸಿದ ವರ್ಷ, ನೀರು ಎಷ್ಟಿಂಚು ಅಂತ ಬರೆದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಸಾದಾ ಪಠ್ಯದ ಫೈಲು) ಮಾಡಿ ಉಳಿಸಿ. ಹೆಸರು ಬರೆಯಬೇಡಿ. ಯಾರ ಬೋರು ಬತ್ತಿದೆ ಅನ್ನುವುದು ಅವರ ಮನೆಯ ವಿಷಯ.

ಫೇಲಾದ ಬೋರುಗಳನ್ನು ಮಾತ್ರ ಬಿಡಲೇಬೇಡಿ. ಜನ ಅದನ್ನು ಹೇಳುವುದಕ್ಕೆ ಹಿಂಜರಿಯುತ್ತಾರೆ. ನಾನು ಮೊದಲು ನಮ್ಮ ಎರಡು ಬೋರಿನ ಕತೆ ಹೇಳಿ, ಆಮೇಲೆ ಕೇಳುತ್ತಿದ್ದೆ. ಬೋರಿನ ಗುರುತಷ್ಟೇ ಸಾಲದು, ಸುತ್ತ ಏನಿದೆ ಅನ್ನುವುದೂ ಕಾಣಬೇಕು. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಸಾವಾದ ಮನೆಗಳ ನಕ್ಷೆ ಮಾಡಿದರು. ಒಂದು ಸಾವಿಗೆ ಒಂದು ಕಪ್ಪು ಗೆರೆ. ಅದರ ಜೊತೆಗೇ ಸುತ್ತಲಿನ ನೀರಿನ ಪಂಪುಗಳನ್ನೂ ಗುರುತಿಸಿದರು. ಹಾಗಾಗಿಯೇ ಗೆರೆಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಗುಂಪುಗೂಡಿದ್ದು ಕಾಣಿಸುತ್ತದೆ. ನಮ್ಮ ನಕ್ಷೆಗೂ ಕೆರೆ, ಏರಿ, ಹಳ್ಳ ಬೇಕೇ ಬೇಕು.

ಇನ್ನು ಕಂಪ್ಯೂಟರ್ ಕೆಲಸ. ಕ್ಯೂಜಿಐಎಸ್ ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್. ಬ್ರೌಸರ್ ಪ್ಯಾನೆಲ್‌ನ ಎಕ್ಸ್‌ವೈಜೆಡ್ ಟೈಲ್ಸ್‌ನಿಂದ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಮಾಡಿದ ಉಚಿತ ನಕ್ಷೆ) ಹಿನ್ನೆಲೆಗೆ ಹಾಕಿಕೊಳ್ಳಿ. ನಿಮ್ಮೂರ ಕೆರೆ ಅದರಲ್ಲಿ ಇಲ್ಲದಿದ್ದರೆ ನೀವೇ ಗೆರೆ ಎಳೆದು ಸೇರಿಸಿ. ಆಮೇಲೆ ಲೇಯರ್ ಮೆನುವಿನಲ್ಲಿ ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ ತೆರೆದು ಸಿಎಸ್‌ವಿ ಕೊಡಿ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಗೂಗಲ್ ಕೊಡುವ ಕ್ರಮಕ್ಕೆ ಇದು ಉಲ್ಟಾ. ಅದಲು ಬದಲಾದರೆ ಹೊಳಲ್ಕೆರೆಯ ಬೋರು ನಾರ್ವೆಯಿಂದ ಉತ್ತರಕ್ಕೆ ಆರ್ಕ್ಟಿಕ್ ಸಮುದ್ರದಲ್ಲಿ ಕೂರುತ್ತದೆ. ಸಿಆರ್‌ಎಸ್ (ಅಂಕಿಗಳು ಯಾವ ಅಳತೆ ಪದ್ಧತಿಯವು ಅನ್ನುವುದು) ಕೇಳಿದರೆ ಇಪಿಎಸ್‌ಜಿ 4326 ಆರಿಸಿ, ಅದು ಮಾಮೂಲಿ ಅಕ್ಷಾಂಶ-ರೇಖಾಂಶದ ಪದ್ಧತಿ.

ಚುಕ್ಕೆಗೆ ಬಣ್ಣ ಕೊಡಲು ಲೇಯರ್‌ನ ಸಿಂಬಾಲಜಿಯಲ್ಲಿ ಗ್ರಾಜುಯೇಟೆಡ್ (ಅಂಕಿಯ ಹಂತಕ್ಕೊಂದು ಬಣ್ಣ) ಆರಿಸಿ. ಆಳ ಕಡಿಮೆ ಇದ್ದರೆ ತಿಳಿನೀಲಿ, ಜಾಸ್ತಿ ಆದಂತೆ ಕಡುನೀಲಿ. ನಾಲ್ಕು ಹಂತ ಸಾಕು. ಹಂತದ ಗಡಿಗಳನ್ನು 200, 400, 600 ಅಡಿ ಅಂತ ನೀವೇ ಬರೆಯಿರಿ. ತಾನಾಗಿ ಬರುವ 187, 433 ನೋಡಿದರೆ ರೈತರಿಗೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಕೆಂಪು-ಹಸಿರು ಜೋಡಿ ಬೇಡ, ಕೆಲವರ ಕಣ್ಣಿಗೆ ಅವೆರಡೂ ಒಂದೇ. ಒಣಬೋರಿಗೆ ಚುಕ್ಕೆಯ ಬದಲು ಕಪ್ಪು ಕತ್ತರಿ ಗುರುತು ಹಾಕಿದೆ.

ವರ್ಷದ ಪ್ರಕಾರ ಫಿಲ್ಟರ್ ಮಾಡಿ ಒಂದೇ ಅಳತೆಯ ಮೂರು ನಕ್ಷೆ ತೆಗೆದು ಪಕ್ಕಪಕ್ಕ ಇಟ್ಟೆ: 2000ಕ್ಕೆ ಮೊದಲು, 2010ರವರೆಗೆ, ಆಮೇಲಿನದು. ಮೊದಲನೆಯದರಲ್ಲಿ ಊರೆಲ್ಲ ತಿಳಿನೀಲಿ. ಮೂರನೆಯದರಲ್ಲಿ ತಿಳಿನೀಲಿ ಉಳಿದಿದ್ದು ಕೆರೆ ಏರಿಯ ಕೆಳಗೆ ಮಾತ್ರ. ಅಪ್ಪ ತುಂಬಾ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಹೂಳು ತುಂಬಿದ್ರೂ ಕೆರೆ ಇನ್ನೂ ಕಾಯ್ತಾ ಇದೆ" ಅಂದರು.

ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಹಾಲಿನ ಡೈರಿ ಗೋಡೆಗೆ ಅಂಟಿಸಿದೆ. ಪಕ್ಕದಲ್ಲಿ ಒಂದು ಪೆನ್ನು ಕಟ್ಟಿದೆ. ಮೂರನೇ ದಿನಕ್ಕೆ ಯಾರೋ ನಾಲ್ಕು ಗುರುತು ಸೇರಿಸಿದ್ದರು. ಅದರಲ್ಲಿ ಮೂರು ಕತ್ತರಿ.